ಮುಂಗಡ ಬಂದ ಮೇಲಿನ ಹದಿನೈದು ದಿನ

ಈ ಸಲದ ಪ್ರಶ್ನೋತ್ತರ ಜಾಹೀರಾತು ಮತ್ತು ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿ ನಡೆಸುವವರಿಗಾಗಿ. ಹೊಸ ಕ್ಲೈಂಟ್ ಬಂದಾಗ ಕೆಲಸ ಹೇಗೆ ಶುರು ಮಾಡಬೇಕು ಎಂಬುದೇ ಎಲ್ಲ ಪತ್ರಗಳ ವಿಷಯ. ಏಜೆನ್ಸಿಗೆ ಕೆಲಸ ಕೊಡುವವರನ್ನು ಇಲ್ಲಿ ಕ್ಲೈಂಟ್ ಎಂದೂ, ಅವರ ಅಂಗಡಿಗೆ ಬರುವವರನ್ನು ಗಿರಾಕಿ ಎಂದೂ ಕರೆದಿದ್ದೇವೆ.

ಪ್ರಶ್ನೆ: ವಿದ್ಯಾನಗರದಲ್ಲಿ ನಮ್ಮದು ಐದು ಜನರ ಏಜೆನ್ಸಿ. ಬಟ್ಟೆ ಅಂಗಡಿ, ದವಾಖಾನೆ, ಬಿಲ್ಡರ್‌ಗಳು ನಮ್ಮ ಕ್ಲೈಂಟ್‌ಗಳು. ಮುಂಗಡ ಬಂದ ದಿನದಿಂದ ಮೊದಲ ಜಾಹೀರಾತು ಹೊರಡುವಷ್ಟರಲ್ಲಿ 25 ದಿನ, ಒಮ್ಮೊಮ್ಮೆ ತಿಂಗಳೇ ಕಳೆಯುತ್ತದೆ. ಅಷ್ಟರಲ್ಲಿ ‘ರೊಕ್ಕ ಕೊಟ್ಟು ತಿಂಗಳಾತು, ಏನ್ ಮಾಡಾಕತ್ತೀರಿ?’ ಎಂದು ಫೋನ್ ಬರುತ್ತದೆ. ನಮ್ಮ ಹುಡುಗರು ರಾತ್ರಿವರೆಗೆ ಕೂತು ದುಡಿಯುತ್ತಾರೆ. ತಡ ಆಗುವುದೆಲ್ಲಿ?
– ಹುಬ್ಬಳ್ಳಿ

ಉತ್ತರ: ಹುಡುಗರ ವೇಗದಲ್ಲಿ ತಪ್ಪು ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಮೂರು ಕ್ಲೈಂಟ್‌ಗಳ ಐದೈದು ತಾರೀಖು ಬರೆಯಿರಿ: ಮುಂಗಡ ಬಂದದ್ದು, ಎಲ್ಲ ಖಾತೆಗಳ ಪ್ರವೇಶ ಸಿಕ್ಕಿದ್ದು, ಫೋಟೊ ಮತ್ತು ದರಪಟ್ಟಿ ಕೈಸೇರಿದ್ದು, ಮೊದಲ ವಿನ್ಯಾಸಕ್ಕೆ ಒಪ್ಪಿಗೆ ಬಂದದ್ದು, ಜಾಹೀರಾತು ಹೊರಟದ್ದು. ವಿನ್ಯಾಸಕ್ಕೆ ಹಿಡಿದದ್ದು ಮೂರು ನಾಲ್ಕು ದಿನವಷ್ಟೇ, ಉಳಿದದ್ದೆಲ್ಲ ಕಾಯುವುದರಲ್ಲೇ ಹೋಗಿದೆ ಎಂಬುದು ಆ ಹಾಳೆಯಲ್ಲೇ ಕಾಣುತ್ತದೆ.

ಕಾಯುವಿಕೆಗೆ ಕಾರಣವೂ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮಾತುಕತೆ ಆಗುವುದು ಏಜೆನ್ಸಿಯ ಮಾಲೀಕರಿಗೂ ಅಂಗಡಿಯ ಸಾಹುಕಾರರಿಗೂ. ಆದರೆ ಫೇಸ್‌ಬುಕ್ ಪುಟ ಇರುವುದು ಬೆಂಗಳೂರಿನಲ್ಲಿರುವ ಅಳಿಯನ ಹತ್ತಿರ, ವೆಬ್‌ಸೈಟ್ ಹೆಸರು ಹಳೆಯ ಡಿಸೈನರ್ ಹತ್ತಿರ, ಯಾವ ಮಾಲು ಎಷ್ಟಿದೆ ಎಂಬುದು ಗೊತ್ತಿರುವುದು ಕೌಂಟರಿನ ಮ್ಯಾನೇಜರಿಗೆ. ಇಷ್ಟಾದ ಮೇಲೆ ವಿನ್ಯಾಸ ತೋರಿಸಿದರೆ ‘ಅಪ್ಪಾರನ್ನ ಒಂದ್ ಮಾತು ಕೇಳಬೇಕ್ರಿ’ ಎನ್ನುತ್ತಾರೆ. ಇವರಲ್ಲಿ ಯಾರೂ ಮೊದಲ ಮಾತುಕತೆಯಲ್ಲಿ ಇರುವುದಿಲ್ಲ.

ಆದ್ದರಿಂದ ಮುಂಗಡ ತೆಗೆದುಕೊಳ್ಳುವ ಮೊದಲೇ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ. ಫೇಸ್‌ಬುಕ್ ಪುಟ, ಗೂಗಲ್ ಪ್ರೊಫೈಲ್ (ಗೂಗಲ್‌ನಲ್ಲಿ ಹುಡುಕಿದರೆ ಕಾಣುವ ಅಂಗಡಿಯ ವಿವರ), ಡೊಮೇನ್ (ವೆಬ್‌ಸೈಟ್ ಹೆಸರು) ಯಾರ ಫೋನ್ ನಂಬರಿನಲ್ಲಿವೆ? ಕೊನೆಯ ಒಪ್ಪಿಗೆ ಯಾರದು, ಅವರು ಊರಲ್ಲಿಲ್ಲದಿದ್ದರೆ ಯಾರದು? ದರ ಮತ್ತು ಫೋಟೊ ಕೊಡುವವರು ಯಾರು? ಜಾಹೀರಾತು ನೋಡಿ ಫೋನ್ ಬಂದರೆ ಎತ್ತುವವರು ಯಾರು? ನಾಲ್ಕಕ್ಕೂ ಹೆಸರು ಬೇಕು. ‘ನಮ್ಮ ಆಫೀಸಿನವರು ನೋಡ್ತಾರ’ ಎಂಬ ಉತ್ತರ ಬಂದರೆ ಅಲ್ಲೇ ಕೂತು ಹೆಸರು ಕೇಳಿ.

ಕೊಟೇಶನ್ನಿನಲ್ಲಿ ಒಂದು ಸಾಲು ಸೇರಿಸಿ: ಜಾಹೀರಾತು ಹೊರಡುವ ಹದಿನೈದು ದಿನಗಳ ಲೆಕ್ಕ ಶುರುವಾಗುವುದು ಖಾತೆಗಳ ಪ್ರವೇಶ, ದರಪಟ್ಟಿ, ಫೋಟೊ ಎಲ್ಲ ಬಂದ ದಿನದಿಂದ. ಬರೆದರಷ್ಟೇ ಸಾಲದು, ಎದುರಿಗೆ ಕೂತು ಓದಿ ಹೇಳಿ. ಮುಂಗಡದ ದಿನವೇ ಎಣಿಕೆ ಶುರುವೆಂದು ಕ್ಲೈಂಟ್ ತಿಳಿದಿರುತ್ತಾರೆ, ಜಗಳ ಹುಟ್ಟುವುದು ಅಲ್ಲೇ.

ಇದು ಕ್ಲೈಂಟ್‌ಗೆ ಹೇಳುವ ಗಡುವು. ನಿಮ್ಮೊಳಗಿನ ಗುರಿ ಮಾತ್ರ ಮುಂಗಡದ ದಿನದಿಂದಲೇ ಹದಿನೈದು ದಿನ ಇರಲಿ, ಅದನ್ನು ಹೀಗೆ ಹಂಚಿಕೊಳ್ಳಬಹುದು. ಮುಂಗಡ ಬಂದ ಸಂಜೆಯೇ, ಮಾತುಕತೆ ಮಾಡಿದವರು ಕೆಲಸ ಮಾಡುವವರಿಗೆ ಅರ್ಧ ಗಂಟೆ ಕೂತು ಎಲ್ಲವನ್ನೂ ಒಪ್ಪಿಸಬೇಕು. ‘ತಿಂಗಳಿಗೆ ನಾಲ್ಕು ವಿಡಿಯೊ ಕೊಡ್ತೀವಿ’ ಎಂದು ಬಾಯಿಮಾತಿನಲ್ಲಿ ಹೇಳಿದ್ದಿದ್ದರೆ ಅದೂ ಬರಬೇಕು. ಮೊದಲ ಎರಡು ದಿನದೊಳಗೆ ಕ್ಲೈಂಟ್ ಅಂಗಡಿಗೆ ಹೋಗಿ. ಅವರನ್ನು ನಿಮ್ಮ ಆಫೀಸಿಗೆ ಕರೆಸಬೇಡಿ. ದುರ್ಗದಬೈಲಿನಂಥ ಮಾರುಕಟ್ಟೆಯ ಅಂಗಡಿಯಾದರೆ ಸಂಜೆ ಹೊತ್ತು ಒಂದು ತಾಸು ಕೌಂಟರ್ ಪಕ್ಕ ಸುಮ್ಮನೆ ನಿಂತು, ಗಿರಾಕಿಗಳು ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಹತ್ತು ಪ್ರಶ್ನೆ ಸಿಕ್ಕರೆ ಒಂದು ತಿಂಗಳ ಜಾಹೀರಾತಿನ ವಿಷಯ ಸಿಕ್ಕಂತೆ. ಮೂರರಿಂದ ಐದನೇ ದಿನದೊಳಗೆ ಖಾತೆಗಳ ಪ್ರವೇಶ. ಎಂಟರೊಳಗೆ ಯಾರಿಗೆ, ಏನು, ಯಾವ ದರಕ್ಕೆ, ಯಾವ ಊರುಗಳಿಗೆ ಎಂದು ಒಂದೇ ಪುಟದ ಬರಹ, ಅದಕ್ಕೆ ಕ್ಲೈಂಟ್ ಸಹಿ. ಆ ಸಹಿ ಬೀಳುವ ಮೊದಲು ವಿನ್ಯಾಸಕ್ಕೆ ಕೈ ಹಾಕಬೇಡಿ. ಹನ್ನೊಂದರವರೆಗೆ ವಿನ್ಯಾಸ, ಹದಿಮೂರಕ್ಕೆ ಒಪ್ಪಿಗೆ, ಹದಿನಾಲ್ಕಕ್ಕೆ ಪರೀಕ್ಷೆ, ಹದಿನೈದಕ್ಕೆ ಜಾಹೀರಾತು. ಪರೀಕ್ಷೆ ಎಂದರೆ ಜಾಹೀರಾತಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ನೋಡುವುದು. ನಂಬರಿನಲ್ಲಿ ಒಂದು ಅಂಕಿ ತಪ್ಪಿದ್ದರೆ ಅದು ಬೇರೆ ಯಾವ ಪರಿಶೀಲನೆಯಲ್ಲೂ ಸಿಗುವುದಿಲ್ಲ.

ಒಪ್ಪಿಗೆಗೆ 48 ತಾಸು, ತಿದ್ದುಪಡಿಗೆ ಎರಡು ಸುತ್ತು ಎಂದು ಮೊದಲೇ ಗೊತ್ತುಮಾಡಿ. ಉತ್ತರ ಬಾರದಿದ್ದರೆ ಒಪ್ಪಿದಂತೆಯೇ ಎಂಬ ಷರತ್ತನ್ನು ಕೆಲವರು ಹಾಕುತ್ತಾರೆ. ಅದು ಬೇಡ. ದರ ತಪ್ಪಾಗಿ ಜಾಹೀರಾತು ಹೊರಟರೆ ಆ ಷರತ್ತು ನಿಮ್ಮನ್ನು ಕಾಪಾಡುವುದಿಲ್ಲ, ಕ್ಲೈಂಟ್ ಮಾತ್ರ ಕೈಬಿಟ್ಟು ಹೋಗುತ್ತಾರೆ. ಒಪ್ಪಿಗೆ ಎಷ್ಟು ದಿನ ತಡವಾಯಿತೋ ಜಾಹೀರಾತಿನ ದಿನವೂ ಅಷ್ಟೇ ಮುಂದಕ್ಕೆ ಹೋಗುತ್ತದೆ ಎಂದು ಬರೆದರೆ ಸಾಕು.

ಮೊದಲ ವಾರ ಕ್ಲೈಂಟ್ ಕಣ್ಣಿಗೆ ಬೀಳುವ ಒಂದು ಸಣ್ಣ ಕೆಲಸ ಮಾಡಿ ಮುಗಿಸಿ. ಗೂಗಲ್ ಪ್ರೊಫೈಲಿನಲ್ಲಿ ಅಂಗಡಿ ತೆರೆಯುವ ಸಮಯ, ವಾರದ ರಜೆ, ಒಳಗಿನ ಹತ್ತು ಹೊಸ ಫೋಟೊ ಇವು ಸಾಕು. ಅಂಗಡಿಯ ಹೆಸರು, ವಿಳಾಸ ಮಾತ್ರ ಅವಸರದಲ್ಲಿ ಮುಟ್ಟಬೇಡಿ. ಅವನ್ನು ಬದಲಿಸಿದರೆ ಗೂಗಲ್ ಮತ್ತೆ ದೃಢೀಕರಣ ಕೇಳಬಹುದು.

ಇನ್ನು ಹಬ್ಬದ ಲೆಕ್ಕ. ದೀಪಾವಳಿಯ ಜಾಹೀರಾತು ಹಬ್ಬಕ್ಕೆ ಮೂರು ವಾರ ಮೊದಲು ಹೊರಡಬೇಕೆಂದರೆ ಮುಂಗಡ ಐದಾರು ವಾರ ಮೊದಲೇ ಬಂದಿರಬೇಕು. ಹಬ್ಬ ಹತ್ತು ದಿನ ಇರುವಾಗ ಬಂದವರಿಗೆ ಹಬ್ಬದ ಮುಂಚಿನ ಕೆಲಸ ಒಪ್ಪಿಕೊಳ್ಳದೆ, ಹಬ್ಬದ ನಂತರದ ತಾರೀಖು ಕೊಡಿ. ಐದು ಜನರ ತಂಡ ಒಂದೇ ಹೊತ್ತಿಗೆ ಎರಡು ಹೊಸ ಕ್ಲೈಂಟ್‌ಗಳನ್ನು ನೆಟ್ಟಗೆ ನೋಡಿಕೊಳ್ಳಬಹುದು. ಮೂರನೆಯವರು ಬಂದರೆ ಹಳೆಯವರ ಕೆಲಸ ನಿಲ್ಲುತ್ತದೆ.

ಪ್ರಶ್ನೆ: ಹೊಸ ಕ್ಲೈಂಟ್‌ನ ಫೇಸ್‌ಬುಕ್ ಪುಟವನ್ನೂ ಜಾಹೀರಾತು ಖಾತೆಯನ್ನೂ ಹಿಂದಿನ ಏಜೆನ್ಸಿ ತನ್ನ ಹೆಸರಿನಲ್ಲೇ ಮಾಡಿಕೊಂಡಿದೆ. ಈಗ ಕೇಳಿದರೆ ಫೋನ್ ಎತ್ತುವುದಿಲ್ಲ. ಇದನ್ನು ಬಿಡಿಸುವುದು ಹೇಗೆ? ನಾವು ಮುಂದೆ ಹೇಗೆ ಇಟ್ಟುಕೊಳ್ಳಬೇಕು?
– ಧಾರವಾಡ

ಉತ್ತರ: ಮೊದಲು ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ತಿಳಿದುಕೊಳ್ಳಿ. ಮೆಟಾದಲ್ಲಿ (ಫೇಸ್‌ಬುಕ್‌ನ ಮಾತೃಸಂಸ್ಥೆ) ಒಂದು ಪುಟಕ್ಕೆ ಒಂದೇ ಬಿಸಿನೆಸ್ ಪೋರ್ಟ್‌ಫೋಲಿಯೊ, ಅಂದರೆ ಪುಟ, ಜಾಹೀರಾತು ಖಾತೆಗಳನ್ನು ಒಟ್ಟಿಗೆ ಇಡುವ ವ್ಯವಹಾರದ ಖಾತೆ, ಮಾಲೀಕನಾಗಿರುತ್ತದೆ. ಹಳೆಯ ಏಜೆನ್ಸಿ ಬಿಟ್ಟುಕೊಟ್ಟರೆ ಪುಟ ಈ ಕಡೆ ಬರುತ್ತದೆ. ಜಾಹೀರಾತು ಖಾತೆ ಹಾಗಲ್ಲ, ಒಂದು ಪೋರ್ಟ್‌ಫೋಲಿಯೊಗೆ ಸೇರಿದ ಮೇಲೆ ಅದನ್ನು ಇನ್ನೊಂದಕ್ಕೆ ವರ್ಗಾಯಿಸಲು ಬರುವುದಿಲ್ಲ. ಅದಕ್ಕಾಗಿ ಜಗಳವಾಡುತ್ತ ಕೂರದೆ ಕ್ಲೈಂಟ್ ಹೆಸರಿನಲ್ಲಿ ಹೊಸದನ್ನು ತೆರೆಯಿರಿ. ತೆರೆಯುವಾಗ ಕರೆನ್ಸಿ ರೂಪಾಯಿ, ಸಮಯ ಕೋಲ್ಕತಾ (ಭಾರತದ ಸಮಯ) ಎಂದು ಎರಡು ಸಲ ನೋಡಿಕೊಳ್ಳಿ. ಆಮೇಲೆ ಬದಲಿಸಬೇಕಾದರೆ ಮತ್ತೆ ಹೊಸ ಖಾತೆಯೇ ಗತಿ.

ಪುಟಕ್ಕಾಗಿ ಹಳೆಯವರಿಗೆ ಕ್ಲೈಂಟ್ ಕಡೆಯಿಂದಲೇ ಲಿಖಿತ ಇಮೇಲ್ ಹೋಗಲಿ, ಏಳು ದಿನದ ಗಡುವು ಇರಲಿ. ಅವರ ಬಾಕಿ ಬಿಲ್ ಇದೆಯೇ ಎಂದೂ ಕ್ಲೈಂಟನ್ನು ಕೇಳಿ. ಫೋನ್ ಎತ್ತದಿರುವುದಕ್ಕೆ ಅದೇ ಕಾರಣ ಇರಬಹುದು, ಬಾಕಿ ತೀರಿಸಿದರೆ ಒಂದೇ ದಿನದಲ್ಲಿ ಕೆಲಸ ಮುಗಿಯಬಹುದು. ಅದೂ ಆಗದಿದ್ದರೆ ಮೆಟಾದ ಸಹಾಯ ವಿಭಾಗಕ್ಕೆ ದೂರು ಕೊಡಬೇಕು. ವ್ಯವಹಾರ ಯಾರದೆಂಬುದಕ್ಕೆ ದಾಖಲೆ ಕೇಳುತ್ತಾರೆ, ವಾರಗಟ್ಟಲೆ ಹಿಡಿಯಬಹುದು.

ಗೂಗಲ್ ಬಿಸಿನೆಸ್ ಪ್ರೊಫೈಲ್ ಇದಕ್ಕಿಂತ ಸುಲಭ. ಮಾಲೀಕತ್ವ ಕೋರಿ ಮನವಿ ಕಳಿಸಿದರೆ ಈಗಿನ ಮಾಲೀಕರಿಗೆ ಉತ್ತರಿಸಲು 3 ದಿನ ಇರುತ್ತದೆ. ಉತ್ತರ ಬಾರದಿದ್ದರೆ, ದೃಢೀಕರಣ ಮಾಡಿ ಪಡೆಯುವ ದಾರಿ ತೆರೆಯಬಹುದು. ಹೊಸದಾಗಿ ಸೇರಿದ ಮಾಲೀಕರು ಮೊದಲ 7 ದಿನ ಬೇರೆಯವರನ್ನು ತೆಗೆದುಹಾಕಲು ಆಗುವುದಿಲ್ಲ. ಈ ಏಳು ದಿನವನ್ನು ನಿಮ್ಮ ಹದಿನೈದರ ಲೆಕ್ಕದಲ್ಲಿ ಹಿಡಿದಿರಬೇಕು.

ಮುಂದಕ್ಕೆ ನಿಯಮ ಒಂದೇ: ಆಸ್ತಿ ಕ್ಲೈಂಟ್ ಹೆಸರಿನಲ್ಲಿ, ಏಜೆನ್ಸಿಗೆ ಬರೀ ಕೀಲಿಕೈ. ಪುಟ, ಜಾಹೀರಾತು ಖಾತೆ, ಪಿಕ್ಸೆಲ್ (ವೆಬ್‌ಸೈಟಿಗೆ ಬಂದವರ ಲೆಕ್ಕ ಇಡುವ ಕೋಡ್) ಎಲ್ಲವೂ ಕ್ಲೈಂಟ್‌ನ ಪೋರ್ಟ್‌ಫೋಲಿಯೊದಲ್ಲಿರಲಿ. ಅವರು ಸೆಟ್ಟಿಂಗ್ಸ್‌ನಲ್ಲಿ ಪಾರ್ಟ್‌ನರ್ ಎಂಬಲ್ಲಿಗೆ ಹೋಗಿ ನಿಮ್ಮ ಬಿಸಿನೆಸ್ ಐಡಿ ಹಾಕಿ ಕೆಲಸಕ್ಕೆ ಬೇಕಾದಷ್ಟು ಅಧಿಕಾರ ಕೊಡುತ್ತಾರೆ. ಗೂಗಲ್ ಆ್ಯಡ್ಸ್‌ನಲ್ಲಿ ನಿಮ್ಮ ಮ್ಯಾನೇಜರ್ ಖಾತೆಯಿಂದ ಅವರ 10 ಅಂಕಿಯ ಐಡಿಗೆ ಮನವಿ ಕಳಿಸಿ, ಅವರು ಒಪ್ಪಿಕೊಂಡರೆ ಆಯಿತು. ವೆಬ್‌ಸೈಟ್ ಭೇಟಿಗಳ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನಲ್ಲಿ ಮಾಹಿತಿ ಉಳಿಸುವ ಅವಧಿ ಮೊದಲಿಗೆ 2 ತಿಂಗಳು ಇರುತ್ತದೆ. ಅದನ್ನು ಮೊದಲ ದಿನವೇ 14 ತಿಂಗಳಿಗೆ ಏರಿಸಿ. ಇಲ್ಲದಿದ್ದರೆ ಮುಂದಿನ ದಸರೆಗೆ ಈ ದಸರೆಯ ವಿವರವಾದ ಹೋಲಿಕೆ ಮಾಡಲಾಗದು. ಡೊಮೇನ್ ಯಾವ ಇಮೇಲ್‌ನಲ್ಲಿದೆ, ಯಾವಾಗ ಮುಗಿಯುತ್ತದೆ ಎಂದೂ ಬರೆದಿಟ್ಟುಕೊಳ್ಳಿ. ಡೊಮೇನ್ ನವೀಕರಣ ತಪ್ಪಿದರೆ ವೆಬ್‌ಸೈಟಿನ ಜೊತೆ ಆ ಹೆಸರಿನಲ್ಲಿರುವ ಆಫೀಸಿನ ಇಮೇಲೂ ನಿಲ್ಲುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಪಾಸ್‌ವರ್ಡ್ ಕೇಳಬೇಡಿ, ಅವರಾಗಿ ಕೊಟ್ಟರೂ ತೆಗೆದುಕೊಳ್ಳಬೇಡಿ. ಬೇರೆ ಊರಿನ ಹೊಸ ಕಂಪ್ಯೂಟರಿನಿಂದ ಒಮ್ಮೆಲೆ ಒಳಹೊಕ್ಕರೆ ಖಾತೆಗೆ ಬೀಗ ಬೀಳಬಹುದು, ಒಟಿಪಿಗಾಗಿ ಸಾಹುಕಾರರನ್ನು ಹಗಲಿಡೀ ಕಾಡಬೇಕಾಗುತ್ತದೆ. ಕ್ಲೈಂಟ್ ಕಡೆ ಪೂರ್ಣ ಅಧಿಕಾರ ಇರುವವರು ಇಬ್ಬರಾದರೂ ಇರಲಿ. ಮುಂದೆ ಅವರು ನಿಮ್ಮನ್ನು ಬಿಟ್ಟು ಹೋಗುವ ದಿನ ಬಂದರೆ ನಿಮ್ಮ ಕೀಲಿ ಹಿಂದಿರುಗಿಸಲು ಐದು ನಿಮಿಷ ಸಾಕಾಗಬೇಕು, ವ್ಯವಸ್ಥೆ ಹಾಗಿರಲಿ.

ಪ್ರಶ್ನೆ: ಹೊಸ ಕ್ಲೈಂಟ್‌ಗಳಿಗೆ 60 ಪ್ರಶ್ನೆಗಳ ಗೂಗಲ್ ಫಾರ್ಮ್ ಕಳಿಸುತ್ತೇವೆ. ಯಾರೂ ತುಂಬುವುದಿಲ್ಲ.
– ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ತುಂಬಲಾರರು. ‘ನಿಮ್ಮ ಬ್ರ್ಯಾಂಡಿನ ವ್ಯಕ್ತಿತ್ವವೇನು’ ಎಂಬ ಪ್ರಶ್ನೆಗೆ ಕಿರಾಣಿ ಹೋಲ್‌ಸೇಲ್ ಮಾಡುವವರು ಏನು ಬರೆದಾರು? ಫಾರ್ಮ್ ನಿಮ್ಮ ಕೈಯಲ್ಲಿರಲಿ. ಅವರು ಮಾತಾಡಲಿ, ನೀವು ತುಂಬಿ. ಪ್ರಶ್ನೆ ಹದಿನೈದು ಸಾಕು, ಅವೂ ಅಂಗಡಿಯ ಭಾಷೆಯಲ್ಲಿರಲಿ: ಯಾವ ಮಾಲಿನಲ್ಲಿ ಲಾಭ ಹೆಚ್ಚು? ಯಾವ ತಿಂಗಳು ಗಲ್ಲಾ ಖಾಲಿ? ಗಿರಾಕಿ ಯಾವ ಯಾವ ಊರಿನಿಂದ ಬರುತ್ತಾರೆ? ಕೊಳ್ಳದೆ ವಾಪಸ್ ಹೋದವರು ಏನು ಹೇಳಿ ಹೋಗುತ್ತಾರೆ? ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ತುಂಬಿದ್ದನ್ನು ಅವರಿಗೆ ಓದಿ ಹೇಳಿ ಒಪ್ಪಿಸಿಕೊಳ್ಳಿ.

ಪ್ರಶ್ನೆ: ಒಬ್ಬನೇ ಕೆಲಸ ಮಾಡುತ್ತೇನೆ. ಕ್ಲೈಂಟ್‌ಗಳ ಜಾಹೀರಾತಿನ ಹಣ ನನ್ನ ಕಾರ್ಡಿನಿಂದ ಕಟ್ಟಿ ಆಮೇಲೆ ವಸೂಲು ಮಾಡುತ್ತೇನೆ. ಬರಬೇಕಾದ ಹಣ ತಿಂಗಳುಗಟ್ಟಲೆ ನಿಲ್ಲುತ್ತದೆ, ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ಆದಾಯ ತೆರಿಗೆ) ಬೇರೆ ಹಿಡಿಯುತ್ತಾರೆ.
– ಗದಗ-ಬೆಟಗೇರಿ

ಉತ್ತರ: ಇನ್ನು ಮುಂದೆ ಬರುವ ಯಾವ ಕ್ಲೈಂಟ್‌ಗೂ ನಿಮ್ಮ ಕಾರ್ಡ್ ಬಳಸಬೇಡಿ. ಹಣ ನಿಲ್ಲುವುದಷ್ಟೇ ತೊಂದರೆಯಲ್ಲ. ವರ್ಷಕ್ಕೆ ನಿಮ್ಮ ಶುಲ್ಕ 6 ಲಕ್ಷ, ನೀವು ಕಟ್ಟಿ ವಸೂಲು ಮಾಡಿದ ಜಾಹೀರಾತು ಹಣ 16 ಲಕ್ಷ ಎಂದುಕೊಳ್ಳಿ. ಎರಡನ್ನೂ ನಿಮ್ಮ ಬಿಲ್ಲಿನಲ್ಲಿ ಒಟ್ಟಿಗೆ ತೋರಿಸಿದ್ದರೆ ವಹಿವಾಟು 22 ಲಕ್ಷ ಆಗುತ್ತದೆ, ಸೇವೆಗಳಿಗಿರುವ 20 ಲಕ್ಷದ ಜಿಎಸ್‌ಟಿ ಮಿತಿ ದಾಟಿತು. ಕ್ಲೈಂಟ್ ಪರವಾಗಿ ಬರೀ ಪಾವತಿ ಮಾಡಿದ್ದೇನೆಂದು ತೋರಿಸಲು ನಿಯಮದಲ್ಲಿ ದಾರಿಯಿದೆ. ಅದಕ್ಕೆ ಮೊದಲೇ ಒಪ್ಪಂದ ಬೇಕು, ಕಟ್ಟಿದಷ್ಟನ್ನೇ ಒಂದು ಪೈಸೆಯೂ ಹೆಚ್ಚಿಲ್ಲದೆ ಪಡೆಯಬೇಕು, ಬಿಲ್ಲಿನಲ್ಲಿ ಬೇರೆಯಾಗಿ ಕಾಣಿಸಬೇಕು. ಇಷ್ಟೆಲ್ಲ ತಾಪತ್ರಯಕ್ಕಿಂತ ಕ್ಲೈಂಟೇ ನೇರ ಕಟ್ಟುವುದು ಲೇಸು.

ಅವರ ಜಾಹೀರಾತು ಖಾತೆಯ ಬಿಲ್ಲಿಂಗ್ ವಿವರದಲ್ಲಿ ಅವರ ಜಿಎಸ್‌ಟಿ ಸಂಖ್ಯೆಯನ್ನು ಮೊದಲ ದಿನವೇ ಹಾಕಿಸಿ. 10,000 ರೂಪಾಯಿ ಜಾಹೀರಾತಿಗೆ ಶೇ. 18ರಂತೆ 1,800 ತೆರಿಗೆ ಸೇರಿ 11,800 ಬೇಕು. ಸಂಖ್ಯೆ ಇದ್ದರೆ ಆ 1,800ನ್ನು ಅವರು ಹುಟ್ಟುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಹಿಂಪಡೆಯಬಹುದು, ಇಲ್ಲದಿದ್ದರೆ ಅದು ಹೋಯಿತು. ಕಾಂಪೊಸಿಷನ್ ಯೋಜನೆಯಲ್ಲಿರುವ (ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ಜಿಎಸ್‌ಟಿ ಕಟ್ಟುವ) ಅಂಗಡಿಗಳಿಗೆ ಈ ಲಾಭ ಸಿಗದು. ಅವರಿಗೆ ಬಜೆಟ್ ಹೇಳುವಾಗ ತೆರಿಗೆ ಸೇರಿಸಿಯೇ ಹೇಳಿ. ಕಾರ್ಡಿನಿಂದ ತಾನಾಗಿ ಹಣ ಹೋಗುವ ವ್ಯವಸ್ಥೆಯಲ್ಲಿ 15,000 ಮೀರಿದ ಪಾವತಿಗೆ ರಿಸರ್ವ್ ಬ್ಯಾಂಕ್ ನಿಯಮದಂತೆ ಪ್ರತಿ ಸಲ ದೃಢೀಕರಣ ಬೇಕು. ಸಾಹುಕಾರರು ಒಟಿಪಿ ನೋಡದಿದ್ದರೆ ಜಾಹೀರಾತು ನಡುವೆಯೇ ನಿಲ್ಲುತ್ತದೆ. ಯುಪಿಐ ಮೂಲಕ ಮೊದಲೇ ಹಣ ತುಂಬಿಸುವುದು ಒಳ್ಳೆಯದು.

ಟಿಡಿಎಸ್ ವಿಷಯವನ್ನೂ ಒಪ್ಪಂದದ ದಿನವೇ ಮಾತಾಡಿ. ಜಾಹೀರಾತು ಗುತ್ತಿಗೆ ಎಂದು ಹಿಡಿದರೆ ವ್ಯಕ್ತಿಗೆ ಶೇ. 1, ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಗೆ ಶೇ. 2. ವೃತ್ತಿಪರ ಸೇವೆ ಎಂದು ಹಿಡಿದರೆ ಶೇ. 10. ತಿಂಗಳಿಗೆ 25,000 ಶುಲ್ಕವಿದ್ದರೆ ಒಂದರಲ್ಲಿ 250 ಹೋಗುತ್ತದೆ, ಇನ್ನೊಂದರಲ್ಲಿ 2,500. ಯಾವುದು ಎಂದು ಇಬ್ಬರ ಲೆಕ್ಕಿಗರೂ ಮಾತಾಡಿಕೊಂಡು ಕೊಟೇಶನ್ನಿನಲ್ಲೇ ಬರೆಯಲಿ. ಕಡಿದದ್ದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡಿ.

ಹಣ ತಡವಾಗುವುದಕ್ಕೆ ಒಂದು ಬಲವಾದ ಮದ್ದಿದೆ. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ, ಅದು ಉಚಿತ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಅತಿ ಸಣ್ಣ ಮತ್ತು ಸಣ್ಣ ಉದ್ಯಮಕ್ಕೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ, ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಗಡುವು ದಾಟಿಸಿದ ಬಿಲ್ಲನ್ನು ಕೊಡುವವರು ಆ ವರ್ಷದ ಖರ್ಚಿನಲ್ಲಿ ತೋರಿಸಲಾಗದು. ಹಣ ಕೊಟ್ಟ ವರ್ಷವೇ ತೋರಿಸಬೇಕು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿದ್ದರೆ ಮಾರ್ಚ್ ಬರುವ ಮೊದಲು ಕ್ಲೈಂಟ್‌ನ ಲೆಕ್ಕಿಗರೇ ನಿಮ್ಮ ಹಣದ ನೆನಪು ಮಾಡಿಕೊಡುತ್ತಾರೆ.

ಪ್ರಶ್ನೆ: ಮೆಣಸಿನಕಾಯಿ ಪುಡಿ ತಯಾರಿಸುವ ಕ್ಲೈಂಟ್‌ಗೆ ಒಂದೇ ವಾರದಲ್ಲಿ 70 ಲೀಡ್ (ಜಾಹೀರಾತು ನೋಡಿ ವಿಚಾರಿಸಿದವರ ಹೆಸರು, ನಂಬರು) ತಂದುಕೊಟ್ಟೆವು. ಅವರು ‘ಒಂದೂ ವ್ಯಾಪಾರ ಆಗಿಲ್ಲ, ಬರೀ ರೇಟ್ ಕೇಳ್ತಾರ’ ಎನ್ನುತ್ತಾರೆ. ತಪ್ಪು ಯಾರದು?
– ಬ್ಯಾಡಗಿ

ಉತ್ತರ: ಶುರುವಿನಲ್ಲಿ ಎರಡು ಮಾತು ಆಗಬೇಕಿತ್ತು, ಆಗಿಲ್ಲ. ಮೊದಲನೆಯದು, ಯಾರು ಬೇಕು? ಅರ್ಧ ಕಿಲೊ ಪುಡಿ ಕೇಳುವ ಮನೆಯವರೋ, ತಿಂಗಳಿಗೆ 200 ಕಿಲೊ ಕೊಳ್ಳುವ ಖಾನಾವಳಿ, ಉಪ್ಪಿನಕಾಯಿ ತಯಾರಕರೋ? ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಖಾರಕ್ಕಿಂತ ಬಣ್ಣಕ್ಕೆ ಹೆಸರಾಗಿದೆ. ದೊಡ್ಡ ಖರೀದಿದಾರರು ಬಣ್ಣದ ಅಂಶ, ತೇವಾಂಶ ಕೇಳುತ್ತಾರೆ, ಮನೆಯವರು ಪ್ಯಾಕೆಟ್ ದರ ಕೇಳುತ್ತಾರೆ. ಇಬ್ಬರಿಗೂ ಒಂದೇ ಜಾಹೀರಾತು ಹಾಕಿದರೆ ದರ ಕೇಳುವವರೇ ತುಂಬಿಕೊಳ್ಳುತ್ತಾರೆ. ಲೀಡ್ ಫಾರ್ಮಿನಲ್ಲಿ ‘ತಿಂಗಳಿಗೆ ಎಷ್ಟು ಕಿಲೊ ಬೇಕು’ ಎಂಬ ಒಂದು ಪ್ರಶ್ನೆ ಸೇರಿಸಿ. ಸಂಖ್ಯೆ 70ರಿಂದ 20ಕ್ಕೆ ಇಳಿಯಬಹುದು. ಇಳಿಯಲಿ, ಹೀಗೆ ಇಳಿಯುತ್ತದೆಂದು ಕ್ಲೈಂಟ್‌ಗೆ ಮೊದಲೇ ಹೇಳಿರಿ ಅಷ್ಟೇ.

ಎರಡನೆಯದು, ಬಂದ ಲೀಡಿಗೆ ಎಷ್ಟು ಹೊತ್ತಿನಲ್ಲಿ ಫೋನ್ ಹೋಗುತ್ತದೆ? ಬೆಳಿಗ್ಗೆ ವಿಚಾರಿಸಿದವರಿಗೆ ಮರುದಿನ ಸಂಜೆ ಫೋನ್ ಮಾಡಿದರೆ ಅಷ್ಟರಲ್ಲಿ ಅವರು ಬೇರೆಯವರ ಹತ್ತಿರ ಮಾತು ಮುಗಿಸಿರುತ್ತಾರೆ. ಜಾಹೀರಾತು ಹೊರಡುವ ಮೊದಲು ಕ್ಲೈಂಟ್‌ನ ಒಬ್ಬ ಹುಡುಗನಿಗೋ ಹುಡುಗಿಗೋ ಈ ಕೆಲಸ ವಹಿಸಿ, ಒಂದು ತಾಸಿನೊಳಗೆ ಫೋನ್ ಹೋಗಬೇಕೆಂದು ಗೊತ್ತುಮಾಡಿ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ದರಪಟ್ಟಿ, ಕನಿಷ್ಠ ಖರೀದಿ, ಸಾಗಾಟದ ವಿವರಗಳಿಗೆ ಸಿದ್ಧ ಉತ್ತರ ಬರೆದುಕೊಡಿ. ಒಂದು ಶೀಟಿನಲ್ಲಿ ತಾರೀಖು, ಹೆಸರು, ಊರು, ಎಷ್ಟು ಕಿಲೊ, ಫೋನ್ ಆಯಿತೇ, ಏನಾಯಿತು ಎಂಬ ಆರು ಕಾಲಂ ಸಾಕು. ವಾರಕ್ಕೊಮ್ಮೆ ಅದನ್ನು ಮುಂದಿಟ್ಟುಕೊಂಡು ಮಾತಾಡಿದರೆ ‘ಏನೂ ಆಗಿಲ್ಲ’ ಎಂಬ ಮಾತಿಗೆ ಎಡೆ ಇರುವುದಿಲ್ಲ. ಮೆಟಾ ಫಾರ್ಮಿನ ಲೀಡ್‌ಗಳು 90 ದಿನ ಮಾತ್ರ ಡೌನ್‌ಲೋಡ್‌ಗೆ ಸಿಗುತ್ತವೆ, ವಾರ ವಾರ ಇಳಿಸಿಕೊಳ್ಳಿ.

ಮೊದಲ ವಾರದ ಫಲ ನೋಡಿ ತೀರ್ಪು ಕೊಡಬಾರದೆಂದೂ ಮೊದಲೇ ಹೇಳಿ. ಮೆಟಾದ ಯಂತ್ರ ಕಲಿತುಕೊಳ್ಳಲು ಒಂದು ಆ್ಯಡ್ ಸೆಟ್‌ಗೆ (ಒಂದೇ ಗುರಿಯ ಜಾಹೀರಾತುಗಳ ಗುಂಪು) ವಾರಕ್ಕೆ ಸುಮಾರು 50 ಫಲಿತಾಂಶ ಬೇಕು. ಒಂದು ಲೀಡಿಗೆ 80 ರೂಪಾಯಿ ಬೀಳುತ್ತಿದ್ದರೆ ವಾರಕ್ಕೆ 4,000. ದಿನಕ್ಕೆ 500 ರೂಪಾಯಿ ಬಜೆಟ್ಟನ್ನು ಐದು ಆ್ಯಡ್ ಸೆಟ್‌ಗೆ ಹಂಚಿದರೆ ಯಾವುದೂ ಕಲಿಯುವುದಿಲ್ಲ, ಒಂದೇ ಇಡಿ.

ಪ್ರಶ್ನೆ: ಕೋಚಿಂಗ್ ಸಂಸ್ಥೆಯೊಂದು ನಮ್ಮ ಹೊಸ ಕ್ಲೈಂಟ್. ಹಳೆಯ ರ‍್ಯಾಂಕ್ ವಿದ್ಯಾರ್ಥಿಗಳ ಫೋಟೊ ಹಾಕಿ ಜಾಹೀರಾತು ಮಾಡಿ ಎನ್ನುತ್ತಾರೆ. ಮಾಡಬಹುದೇ?
– ಸಪ್ತಾಪುರ, ಧಾರವಾಡ

ಉತ್ತರ: ಒಪ್ಪಿಗೆ ಪತ್ರ ಕೈಗೆ ಬರುವವರೆಗೆ ಮಾಡಬೇಡಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2024ರ ಮಾರ್ಗಸೂಚಿಯಂತೆ ವಿದ್ಯಾರ್ಥಿಯ ಹೆಸರು, ಫೋಟೊ ಬಳಸಲು ಲಿಖಿತ ಒಪ್ಪಿಗೆ ಬೇಕು, ಅದೂ ಅವರು ಆಯ್ಕೆಯಾದ ನಂತರ ಪಡೆದದ್ದು. ಪ್ರವೇಶದ ಹೊತ್ತಿಗೆ ಸಹಿ ಹಾಕಿಸಿಕೊಂಡ ಫಾರ್ಮ್ ನಡೆಯದು. ವಿದ್ಯಾರ್ಥಿ ಯಾವ ಕೋರ್ಸ್, ಎಷ್ಟು ಅವಧಿ ಓದಿದರೆಂಬುದನ್ನೂ ತೋರಿಸಬೇಕು. ಕೋಚಿಂಗ್ ಕ್ಲೈಂಟ್‌ಗಳಿಗೆ ಕೊಡುವ ಮೊದಲ ದಿನದ ಪಟ್ಟಿಯಲ್ಲೇ ‘ಒಪ್ಪಿಗೆ ಪತ್ರಗಳ ಪ್ರತಿ’ ಎಂದು ಸೇರಿಸಿಬಿಡಿ. ಆಹಾರ ತಯಾರಕರಿಗಾದರೆ ಅಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ ಇರಲಿ.

ಪ್ರಶ್ನೆ: ಕ್ಲೈಂಟ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಕನ್ನಡ ಬರಹ ಡಿಸೈನಿನಲ್ಲಿ ಒಡೆದು ಹೋಗುತ್ತದೆ. ಮತ್ತೆ ಟೈಪ್ ಮಾಡುವಾಗ ತಪ್ಪುಗಳಾಗಿ ಒಪ್ಪಿಗೆ ತಡವಾಗುತ್ತಿದೆ.
– ರಾಣೆಬೆನ್ನೂರು

ಉತ್ತರ: ಫೋನಿನಲ್ಲಿ ಬರುವುದು ಯುನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಲಿಪಿ ಸಂಕೇತ) ಅಕ್ಷರ. ನಿಮ್ಮ ಡಿಸೈನರ್ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್ ಬಳಸುತ್ತಿರಬೇಕು, ಅವುಗಳ ಲಿಪಿ ಸಂಕೇತ ಬೇರೆ. ಯುನಿಕೋಡ್ ಫಾಂಟ್ ಹಾಕಿದರೂ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ, ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಟೈಪ್ ಸೆಟ್ಟಿಂಗ್‌ಗೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಮಾಡಿ ಹೊಸ ಫೈಲ್ ತೆರೆಯಬೇಕು. ಆಗ ಮತ್ತೆ ಟೈಪ್ ಮಾಡುವ ಅಗತ್ಯವೇ ಇರುವುದಿಲ್ಲ. ಫ್ಲೆಕ್ಸ್ ಮುದ್ರಣಕ್ಕೆ ಕೊಡುವಾಗ ಮಾತ್ರ ಅಕ್ಷರಗಳನ್ನು ಔಟ್‌ಲೈನ್ ಮಾಡಿಯೇ (ಚಿತ್ರರೂಪಕ್ಕೆ ತಿರುಗಿಸಿಯೇ) ಕೊಡಿ, ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಬೇಕೆಂದಿಲ್ಲ.

ಹೆಸರುಗಳ ಕಾಗುಣಿತವನ್ನು ಮೊದಲ ಭೇಟಿಯಲ್ಲೇ ಅಂಗಡಿಯ ಬೋರ್ಡಿನ ಫೋಟೊ ತೆಗೆದು ಗೊತ್ತುಮಾಡಿಕೊಳ್ಳಿ. ಮಾಲೀಕರ ಮನೆತನದ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಉಳಿದ ಕೆಲಸವನ್ನೆಲ್ಲ ಅವರು ಅನುಮಾನದಿಂದಲೇ ನೋಡುತ್ತಾರೆ. ಊರ ಹೆಸರಿನದು ಬೇರೆ ಲೆಕ್ಕ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಹುಬ್ಬಳ್ಳಿ ಎಂದೇ ಅಧಿಕೃತ, ಆದರೂ ಹುಡುಕುವವರಲ್ಲಿ ಅನೇಕರು ಈಗಲೂ ಹುಬ್ಲಿ ಎಂದೇ ಒತ್ತುತ್ತಾರೆ. ಪೋಸ್ಟರಿನಲ್ಲಿ ಹೊಸದು ಇರಲಿ, ಗೂಗಲ್ ಜಾಹೀರಾತಿನ ಹುಡುಕು ಪದಗಳಲ್ಲಿ ಎರಡೂ ಇರಲಿ.